ಮೂರು ಹೀಟರ್‌ಗಳ ಲೆಕ್ಕ

ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಟೀ ಲೋಟ ಕೈಗೆತ್ತಿಕೊಂಡ ಜಗನ್ ಅದನ್ನು ಥಟ್ಟನೆ ಕೆಳಗಿಟ್ಟ. ಲೆಕ್ಕ ತಪ್ಪಿದೆ!

ಯಾಮಿನಿಯ ಮನೆಯ ರೇಷ್ಮೆಹುಳುಗಳಿಗೆ ಚಳಿಯಾಗಬಾರದೆಂದು ನಿನ್ನೆ ಮೂರು ಹೀಟರ್‌ಗಳಿಗೆ ವೈರ್ ಎಳೆದವನು ಅವನೇ. ಒಂದೊಂದರ ತಡೆಯೂ ಅರವತ್ತು ಓಮ್. ಯಾಮಿನಿ ಪಕ್ಕದಲ್ಲೇ ನಿಂತು, ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಓರೆಗಣ್ಣಲ್ಲಿ ನೋಡಿದ್ದಳು.

"ಐಟಿಐ ಓದಿರೋರಿಗೆ ಕೂಡೋದಕ್ಕೆ ಇಷ್ಟೊತ್ತು ಬೇಕೇನಪ್ಪ?"

ಆ ನೋಟಕ್ಕೆ ಯಾರ ಬುದ್ಧಿ ನೆಟ್ಟಗಿರುತ್ತದೆ? ಮೂರನ್ನೂ ಕೂಡಿ ನೂರೆಂಬತ್ತು ಎಂದುಬಿಟ್ಟ. ತಡೆ ಹೆಚ್ಚು, ಕರೆಂಟು ಕಡಿಮೆ ಎಂದು ಬಲ್ಬಿನ ತೆಳು ವೈರನ್ನೇ ಹಾಕಿ ಬಂದ.

ಆದರೆ ಹೀಟರ್‌ಗಳನ್ನು ಜೋಡಿಸಿದ್ದು ಒಂದರ ಹಿಂದೊಂದಲ್ಲ, ಅಕ್ಕಪಕ್ಕ, ಪ್ಯಾರಲಲ್‌ನಲ್ಲಿ. ಆಗ ತಡೆಯನ್ನು ತಿರುಗಿಸಿ ಕೂಡಬೇಕು: ಅರವತ್ತರಲ್ಲಿ ಒಂದು, ಮೂರು ಸಲ. ಅಂದರೆ ಅರವತ್ತರಲ್ಲಿ ಮೂರು. ತಿರುಗಿಸಿದರೆ ಬರೀ ಇಪ್ಪತ್ತು ಓಮ್! ಅವನು ಅಂದುಕೊಂಡದ್ದಕ್ಕಿಂತ ಒಂಬತ್ತು ಪಟ್ಟು ಕರೆಂಟು ಆ ವೈರಿನಲ್ಲಿ ಹರಿಯುತ್ತದೆ.

ಯಾಮಿನಿಗೆ ಫೋನ್ ಮಾಡಿದ. ರಿಂಗಾಗುತ್ತಲೇ ಇತ್ತು. ಹುಳು ಮನೆಯೊಳಗೆ ಅವಳು ಫೋನ್ ಒಯ್ಯುವುದಿಲ್ಲ. ಈಗ ಸೊಪ್ಪು ಹಾಕುವ ಹೊತ್ತು, ಅವಳು ಒಳಗೇ ಇರುತ್ತಾಳೆ.

ಬೈಕು ಅವಳ ಊರು ವಿದುರಾಶ್ವತ್ಥದ ಕಡೆ ಹಾರಿತು. ದಾರಿಯುದ್ದಕ್ಕೂ ಅವನಿಗೆ ಎಲ್ಲೆಲ್ಲೂ ಹೊಗೆ ಕಂಡಂತಾಗುತ್ತಿತ್ತು.

ಹುಳು ಮನೆಯ ಬಾಗಿಲಲ್ಲಿ ಯಾಮಿನಿಯ ತಾಯಿ ಓಬಳಮ್ಮ ಅಡ್ಡ ನಿಂತರು. "ಏಯ್, ಕಾಲು ತೊಳ್ಕೊಳ್ದೆ ಒಳಗ್ಬರ್ಬೇಡ! ಹುಳುಗೆ ರೋಗ ಬರ್ತದೆ!"

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅವನು ಬೂಟುಗಾಲಲ್ಲೇ ಒಳಗೆ ನುಗ್ಗಿ ಮೈನ್ ಸ್ವಿಚ್ ಎಳೆದ. ಗೋಡೆಯ ಮೇಲೆ ವೈರು ಕರಗಿ ಕಪ್ಪಾಗಿತ್ತು. ಅದರ ಕೆಳಗೇ ಸೊಪ್ಪಿನ ಬುಟ್ಟಿ ಹಿಡಿದು ಯಾಮಿನಿ ನಿಂತಿದ್ದಳು.

"ಏನಾಯ್ತೋ?"

"ತಪ್ಪು ನಂದೇ. ಲೆಕ್ಕ ತಪ್ಪಿದೆ." ಅವನು ಅವಳನ್ನು ವೈರಿನ ಕೆಳಗಿಂದ ಈಚೆಗೆಳೆದ. "ನಿಂಗೇನಾದ್ರೂ ಆಗಿದ್ರೆ ನಾನು ಬದುಕ್ತಿರ್ಲಿಲ್ಲ ಕಣೇ. ನೀನಂದ್ರೆ ನಂಗೆ ಪ್ರಾಣ."

ಹೇಳಿಬಿಟ್ಟ ಮೇಲೆ, ಹಿಂದೆ ಓಬಳಮ್ಮ ಬಂದು ನಿಂತಿರುವುದು ಕಂಡಿತು. ಬೆಂಕಿಗಿಂತ ಹೆಚ್ಚು ಭಯವಾಯಿತು ಅವನಿಗೆ.

ಯಾಮಿನಿ ಬುಟ್ಟಿ ಇಳಿಸಿ, ಅವನ ಕೈಯನ್ನು ತಾಯಿಯ ಎದುರೇ ಹಿಡಿದುಕೊಂಡಳು. "ಅಮ್ಮ, ನಂಗೂ ಅಷ್ಟೇ."

ಓಬಳಮ್ಮ ಕರಗಿದ ವೈರನ್ನು ನೋಡಿದರು, ಮಗಳ ಮುಖವನ್ನೂ ನೋಡಿದರು.

"ಸಾಯಂಕಾಲ ನಿಮ್ಮಮ್ಮನ್ನ ಕರ್ಕೊಂಡ್ಬಾ."

ಜಗನ್ ತನ್ನ ಬೂಟುಗಾಲು ನೋಡಿಕೊಂಡ. "ಬೈಯೋದಕ್ಕಾ ಅಮ್ಮ?"

"ಬೈಯೋದಕ್ಕೆ ನೀನೊಬ್ನೇ ಸಾಕು. ಅವ್ರು ಬರ್ಲಿ, ಕೂತು ಮಾತಾಡಣ."