ಅಪ್ಪನ ಮೀನು, ಐವಿ ಆಂಟಿಯ ಕ್ಯಾಂಡಲ್

“ಟಾರ್ಚ್ ಅಲ್ಲಾಡಿಸ್ಬೇಡ್ವೋ! ಗೆರೆ ಕಾಣ್ತಿಲ್ಲ.”

“ನಾನೆಲ್ಲಿ ಅಲ್ಲಾಡಿಸ್ತಿದೀನಿ? ಚಳಿ ನನ್ನನ್ನ ಅಲ್ಲಾಡಿಸ್ತಿದೆ,” ಎಂದ ತಮ್ಮ ಟೆರಿ.

ಲಿನೆಟ್ ಕಿಟಕಿ ಪಕ್ಕದ ಮೀನಿನ ತೊಟ್ಟಿಯ ಗಾಜಿಗೆ ಮೂಗು ಒತ್ತಿ ಥರ್ಮಾಮೀಟರ್ ನೋಡಿದಳು. ಕರೆಂಟ್ ಹೋಗಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಆದರೂ ಕೆಂಪು ಗೆರೆ ಕೆಳಗಿಳಿದಿತ್ತು. ನೀಲಿ ಪಟ್ಟೆಯ ಪುಟ್ಟ ಮೀನುಗಳೆಲ್ಲ ಓಡಾಟ ನಿಲ್ಲಿಸಿ ಒಂದು ಮೂಲೆಯಲ್ಲಿ ಗುಂಪಾಗಿದ್ದವು.

ಅವು ಅಪ್ಪನ ಮೀನುಗಳು. ಅಪ್ಪ ಇಂಗ್ಲೆಂಡಿನ ಹಲ್ ಬಂದರಿನ ಮೀನು ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ಹೋದರೆ ಮೂರು ವಾರ ಮಂಜುಗಡ್ಡೆಯ ಸಮುದ್ರ. ಅಲ್ಲಿ ಬಲೆಗಟ್ಟಲೆ ಕಾಡ್ ಮೀನು ಹಿಡಿಯುವವನು, ಮನೆಗೆ ಬಂದರೆ ಬೆರಳುದ್ದವೂ ಇಲ್ಲದ ಈ ಮೀನುಗಳ ಮುಂದೆ ಕುರ್ಚಿ ಹಾಕಿ ಕೂರುತ್ತಿದ್ದ. ಇವಕ್ಕೆ ಬೆಚ್ಚನೆ ನೀರೇ ಬೇಕು. “ನಾನು ಬರೋ ತನಕ ಇವಕ್ಕೆ ನೀನೇ ಕ್ಯಾಪ್ಟನ್,” ಎಂದು ಲಿನೆಟ್‌ಗೆ ಹೇಳಿ ಹೋಗಿದ್ದ. ಶನಿವಾರ ಬರುವವನಿದ್ದ.

ಅಪ್ಪ ಹೋದ ಮೇಲೆಯೇ ಈ ಕರೆಂಟ್ ತಾಪತ್ರಯ ಶುರುವಾಗಿದ್ದು. 1972ರ ಆ ಚಳಿಗಾಲ ಕಲ್ಲಿದ್ದಲು ಗಣಿ ಕೆಲಸಗಾರರು ಮುಷ್ಕರ ಹೂಡಿದ್ದರು. ಕಲ್ಲಿದ್ದಲಿಲ್ಲದೆ ಕರೆಂಟ್ ತಯಾರಾಗುವುದು ಹೇಗೆ? ಅದಕ್ಕೇ ಸರದಿ ಪ್ರಕಾರ ತೆಗೆಯುತ್ತಿದ್ದರು. ತಮಾಷೆಯೆಂದರೆ ಇವರ ಬೀದಿಯ ಈಚೆ ಸಾಲು ಒಂದು ಸರದಿ, ಆಚೆ ಸಾಲು ಇನ್ನೊಂದು. ಇಲ್ಲಿ ಕತ್ತಲಾದರೆ ಅಲ್ಲಿ ಟೀವಿ ನಡೆಯುತ್ತಿತ್ತು. ಇವತ್ತು ಇವರಿಗೆ ಆರರಿಂದ ಒಂಬತ್ತು, ಆಮೇಲೆ ಅವರಿಗೆ.

ಲಿನೆಟ್ ತೊಟ್ಟಿಗೆ ಕಂಬಳಿ ಸುತ್ತಿದಳು, ಅದರ ಮೇಲೆ ಅಪ್ಪನ ಹಳೇ ಸ್ವೆಟರ್ ಸುತ್ತಿದಳು. ಬಿಸಿನೀರು ತುಂಬಿದ ಬಾಟಲಿಯನ್ನು ತೊಟ್ಟಿಯಲ್ಲಿ ತೇಲಿಬಿಟ್ಟರೆ ಸಾಕು, ತೊಟ್ಟಿಯ ಹೀಟರ್ ಕೆಟ್ಟಾಗ ಅಪ್ಪ ಹಾಗೇ ಮಾಡುತ್ತಿದ್ದ. ಆದರೆ ನೀರು ಕಾಯಿಸುವುದೆಲ್ಲಿ? ಒಲೆ ಕರೆಂಟಿನದು. ಮೊದಲಿದ್ದ ಕಲ್ಲಿದ್ದಲಿನ ಒಲೆಗೂಡಿಗೆ ಹೋದ ವರ್ಷ ಹಲಗೆ ಹೊಡೆದು ಕರೆಂಟ್ ಹೀಟರ್ ಹಾಕಿಸಿದ್ದರು. ಅಮ್ಮ ಕರಿದ ಮೀನು, ಬಿಸಿ ಚಿಪ್ಸ್ ಮಾರುವ ಅಂಗಡಿಗೆ ಹೋಗಿದ್ದಳು. ಅಲ್ಲಿ ಗ್ಯಾಸ್ ಇತ್ತು, ಹಾಗಾಗಿ ಅರ್ಧ ಊರೇ ಅಲ್ಲಿ ಕ್ಯೂ ನಿಂತಿತ್ತು.

“ಇವು ಸತ್ತರೆ ಚಿಪ್ಸ್ ಜೊತೆಗೆ ಆಗುತ್ತೆ,” ಎಂದ ಟೆರಿ.

“ಬಾಯ್ಮುಚ್ಚು!” ಲಿನೆಟ್‌ಗೆ ಅಳುವೇ ಬಂದುಬಿಟ್ಟಿತು.

ಪರದೆ ಸರಿಸಿದರೆ ಎದುರುಗಡೆ ಐವಿ ಆಂಟಿಯ ಮನೆ ಝಗಝಗ ಎನ್ನುತ್ತಿತ್ತು. ಅಡುಗೆಮನೆ, ಮೆಟ್ಟಿಲು, ಮಹಡಿ, ಎಲ್ಲ ಕಡೆ ಲೈಟ್. ಅಲ್ಲಿ ಬಿಸಿನೀರಿಗೇನು ಬರ? ಆದರೆ ಅಮ್ಮನಿಗೂ ಐವಿ ಆಂಟಿಗೂ ಮಾತಿರಲಿಲ್ಲ.

ಆಗಿದ್ದಿಷ್ಟು. ಹೋದ ವಾರ ಮೂಲೆಯಂಗಡಿಗೆ ಕ್ಯಾಂಡಲ್ ಬಂದಿತ್ತು. ಕ್ಯೂನಲ್ಲಿ ಅಮ್ಮನ ಮುಂದೆಯೇ ಇದ್ದ ಐವಿ ಆಂಟಿ ಇದ್ದಬದ್ದ ಪ್ಯಾಕೆಟ್ಟನ್ನೆಲ್ಲ ಬಾಚಿಕೊಂಡು ಬ್ಯಾಗಿಗೆ ತುಂಬಿದ್ದಳು. “ಇರೋದು ಒಬ್ಬಳು, ಬೇಕಾಗಿರೋದು ಗೋಡೌನು!” ಎಂದು ಅಮ್ಮ ಎಲ್ಲರಿಗೂ ಕೇಳುವಂತೆ ಅಂದಿದ್ದಳು. ಐವಿ ಆಂಟಿ ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋಗಿದ್ದಳು. ಅಂದಿನಿಂದ ಇವರ ಮನೆಯಲ್ಲಿ ಕ್ರಿಸ್‌ಮಸ್ಸಿನಲ್ಲಿ ಉಳಿದ ಅರ್ಧ ಕ್ಯಾಂಡಲ್ಲೇ ಗತಿ. “ಆ ಮನೆ ಹೊಸ್ತಿಲು ತುಳಿದ್ರೆ ನೋಡಿ,” ಎಂದು ಅಮ್ಮ ಇಬ್ಬರಿಗೂ ಹೇಳಿದ್ದಳು.

ಲಿನೆಟ್ ಕಂಬಳಿಯ ಮೂಲೆ ಸರಿಸಿ ಇನ್ನೊಮ್ಮೆ ಥರ್ಮಾಮೀಟರ್ ನೋಡಿದಳು. ಇನ್ನೂ ಇಳಿದಿತ್ತು.

“ಟೆರಿ, ಕ್ಯಾಂಡಲ್ ಮುಟ್ಟಬೇಡ. ಇಲ್ಲೇ ಕೂತಿರು. ಈಗ ಬಂದೆ.”

ಐವಿ ಆಂಟಿ ಬಾಗಿಲು ತೆರೆದು ಹುಬ್ಬೇರಿಸಿದಳು. “ನಿಮ್ಮಮ್ಮ ಕಳಿಸಿದ್ಲಾ?”

“ಇಲ್ಲ ಆಂಟಿ. ಅಪ್ಪನ ಮೀನು ಚಳೀಗೆ ಸಾಯ್ತಿವೆ. ಸ್ವಲ್ಪ ಬಿಸಿನೀರು ಕೊಡ್ತೀರಾ?”

“ಆ ನೀಲಿ ಮೀನಾ? ಅಯ್ಯೋ, ಒಳಗೆ ಬಾ!” ಆಂಟಿ ಆಗಲೇ ಕೆಟಲ್ ಇಟ್ಟಾಗಿತ್ತು. “ದಿನಾ ಸಂಜೆ ಇಲ್ಲಿಂದ ನೋಡ್ತೀನಿ ಕಣೇ. ನಿಮ್ಮಮ್ಮ ಪರದೆ ಎಳೆಯೋ ತನಕ.”

ನೀರು ಕಾಯುವಷ್ಟರಲ್ಲಿ ಲಿನೆಟ್ ಸುತ್ತ ನೋಡಿದಳು. ಒಂದೊಂದು ಮೆಟ್ಟಿಲ ಮೇಲೂ ಒಂದೊಂದು ಸಾಸರ್, ಸಾಸರಿನಲ್ಲಿ ಕ್ಯಾಂಡಲ್, ಪಕ್ಕದಲ್ಲಿ ಬೆಂಕಿಪೊಟ್ಟಣ. ಕಿಟಕಿಯ ಮೇಲೆ, ಬಾತ್‌ರೂಮ್ ಬಾಗಿಲ ಹತ್ತಿರ, ಟೀವಿ ಮೇಲೂ ಕ್ಯಾಂಡಲ್.

“ಕರೆಂಟ್ ಇದೆಯಲ್ಲ ಆಂಟಿ, ಈಗ್ಲೇ ಯಾಕೆ ಇಟ್ಟಿದೀರ?”

“ಹೋದ ಮೇಲೆ ಹುಡುಕೋಕಾಗಲ್ಲ.” ಆಂಟಿ ಗಡಿಯಾರ ನೋಡಿದಳು. ಆಮೇಲೆ ಜಾಮ್ ಜಾಡಿಗಳನ್ನು ತೊಳೆಯುತ್ತ, ಲಿನೆಟ್ ಕಡೆ ತಿರುಗದೆಯೇ ಹೇಳಿದಳು. “ಮಹಾಯುದ್ಧದಲ್ಲಿ ನಮ್ಮನೆ ಮೇಲೆ ಬಾಂಬ್ ಬಿತ್ತು. ನಾನು ಮೆಟ್ಟಿಲ ಕೆಳಗಿನ ಗೂಡಲ್ಲಿದ್ದೆ. ನಿನ್ನಷ್ಟೇ ಇದ್ದೆ. ಇಟ್ಟಿಗೆ ಎಲ್ಲ ತೆಗೆದು ನನ್ನನ್ನ ಹೊರಗೆ ಎಳೆಯೋ ಹೊತ್ತಿಗೆ ಬೆಳಗಾಗಿತ್ತು. ಆಗಿಂದ ಕತ್ತಲೆ ಅಂದ್ರೆ ನನಗಾಗಲ್ಲ.”

ಲಿನೆಟ್ ಕೂಡ ಮಹಡಿಯ ಲೈಟ್ ಆರಿಸಿದರೆ ನಿದ್ದೆ ಮಾಡುತ್ತಿರಲಿಲ್ಲ. ಟೆರಿ ಅದಕ್ಕೆ ಅವಳನ್ನು ‘ಪಾಪು’ ಎಂದು ರೇಗಿಸುತ್ತಿದ್ದ. ಆದರೆ ಐವಿ ಆಂಟಿಯಂಥ ದೊಡ್ಡವರಿಗೂ ಹೀಗಾಗುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ಯಾರಿಗೂ ಹೇಳ್ಬೇಡ ಮತ್ತೆ. ನಗ್ತಾರೆ,” ಎಂದಳು ಆಂಟಿ.

“ಹೇಳಲ್ಲ.”

ಆಂಟಿ ಜಾಡಿಗಳಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಟವೆಲ್ಲಿನಲ್ಲಿ ಸುತ್ತಿ ಕೊಟ್ಟಳು. ಜೊತೆಗೆ ಒಂದು ಫ್ಲಾಸ್ಕ್ ನೀರು ಬೇರೆ. ಲಿನೆಟ್ ಜೋಪಾನವಾಗಿ ಬೀದಿ ದಾಟಿದಳು.

ಜಾಡಿಗಳನ್ನು ತೇಲಿಬಿಟ್ಟು ಅಕ್ಕತಮ್ಮನಂತಲ್ಲ, ಇಬ್ಬರು ಡಾಕ್ಟರುಗಳಂತೆ ಅವಳೂ ಟೆರಿಯೂ ಕಾದರು. ಕೆಂಪು ಗೆರೆ ನಿಂತಿತು. ಆಮೇಲೆ ನಿಧಾನವಾಗಿ ಮೇಲೇರಿತು. ಮೊದಲು ಒಂದು ಮೀನು ಮೂಲೆ ಬಿಟ್ಟು ಬಂತು, ಅದರ ಹಿಂದೆ ಇನ್ನೆರಡು.

“ಬದುಕಿದ್ವು!” ಟೆರಿ ಕೂಗಿದ ಹೊತ್ತಿಗೇ ಅಮ್ಮ ಚಿಪ್ಸ್ ಪೊಟ್ಟಣ ಹಿಡಿದು ಬಂದಳು. ಹಸಿದಿದ್ದ ಮೂವರೂ ಮೊದಲು ತಿಂದರು. ಟೆರಿ ತಿನ್ನುತ್ತಲೇ ಸೋಫಾ ಮೇಲೆ ನಿದ್ದೆ ಹೋದ.

ಒಂಬತ್ತಕ್ಕೆ ಕರೆಂಟ್ ಬಂತು. ಆರಿಸಲು ಮರೆತಿದ್ದ ರೇಡಿಯೋ ಇದ್ದಕ್ಕಿದ್ದಂತೆ ಕಿರುಚಿತು. ತೊಟ್ಟಿಯ ಲೈಟ್ ಹತ್ತಿತು. ಆಗ ಅಮ್ಮನ ಕಣ್ಣಿಗೆ ಜಾಡಿಗಳು ಬಿದ್ದವು. ಮುಚ್ಚಳದ ಮೇಲೆ ‘ಪ್ಲಮ್’ ಎಂದು ಐವಿ ಆಂಟಿಯ ಕೈಬರಹ.

“ಅಲ್ಲಿಗೆ ಹೋಗಿದ್ಯಾ?”

“ಮೀನು ಸಾಯ್ತಿದ್ವು ಅಮ್ಮ.”

“ಕೊಟ್ಳಾ?”

“ಕೇಳಿದ್ದಕ್ಕಿಂತ ಜಾಸ್ತಿ ಕೊಟ್ರು.”

ಅಮ್ಮ ಜಾಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಬೈಯಲಿಲ್ಲ. “ನಾಳೆ ತೊಳೆದು ವಾಪಸ್ ಕೊಡು. ಈಗ ಆ ತೊಟ್ಟಿ ಲೈಟ್ ಆರಿಸಿ ಪರದೆ ಎಳಿ. ಕರೆಂಟ್ ಉಳಿಸಿ, ಕರೆಂಟ್ ಉಳಿಸಿ ಅಂತ ರೇಡಿಯೋದಲ್ಲಿ ಬಡ್ಕೊತಿದಾರೆ.”

ಲಿನೆಟ್ ಕಿಟಕಿಗೆ ಹೋದಳು. ಎದುರು ಸಾಲು ಪೂರ್ತಿ ಕತ್ತಲು. ಐವಿ ಆಂಟಿಯ ಮನೆಯಲ್ಲಿ ಮಾತ್ರ ಮಹಡಿಯಿಂದ ಕೆಳಗಿನ ತನಕ ಪುಟ್ಟ ಪುಟ್ಟ ಬೆಳಕು. ಕಿಟಕಿಯ ಹಿಂದೆ, ಕೋಟು ಹಾಕಿಕೊಂಡು, ಕ್ಯಾಂಡಲ್ಲಿಗೆ ಕೈ ಅಡ್ಡ ಹಿಡಿದು ಆಂಟಿ ನಿಂತಿದ್ದಳು.

“ಅಮ್ಮ, ಲೈಟು ಇರ್ಲಿ. ಪರದೇನೂ ತೆಗೆದಿರ್ಲಿ.”

“ಯಾಕೆ? ಬೀದಿಗೆಲ್ಲ ನಮ್ಮನೆ ಸಿನಿಮಾನಾ?”

“ಐವಿ ಆಂಟಿಗೆ ಮೀನು ನೋಡೋಕೆ,” ಎಂದಳು ಲಿನೆಟ್. ಅದು ಸುಳ್ಳಾಗಿರಲಿಲ್ಲ. ಉಳಿದಿದ್ದನ್ನು ಅವಳು ಹೇಳಲಿಲ್ಲ.

ಅಮ್ಮ ಬಂದು ಅವಳ ಪಕ್ಕ ನಿಂತಳು. ಎದುರು ಮನೆಯ ಮೆಟ್ಟಿಲಿನ ಆ ಸಾಲು ಕ್ಯಾಂಡಲ್‌ಗಳನ್ನು, ಕಿಟಕಿಯ ಹಿಂದಿನ ಕೋಟನ್ನು ತುಂಬಾ ಹೊತ್ತು ನೋಡಿದಳು. ಅಮ್ಮನೂ ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು. ಯುದ್ಧದ ಕಾಲದಲ್ಲೂ ಇಲ್ಲೇ ಇದ್ದವಳು.

ಆಮೇಲೆ ಅಮ್ಮ ಪರದೆಯನ್ನು ಎರಡೂ ಕಡೆಗೆ, ಎಷ್ಟಾಗುತ್ತೋ ಅಷ್ಟು ಅಗಲಕ್ಕೆ ಸರಿಸಿದಳು. ತೊಟ್ಟಿಗೆ ಸುತ್ತಿದ್ದ ಕಂಬಳಿಯನ್ನೂ ಸ್ವೆಟರನ್ನೂ ಲಿನೆಟ್ ಬಿಚ್ಚಿದಳು.

ಎದುರುಗಡೆ ಐವಿ ಆಂಟಿ ಕಿಟಕಿಯ ಹತ್ತಿರಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂತಳು.