ಅಜ್ಜಿಯ ಒಂಟಿ ತಂತಿ

"ಏನ್ ಮಾಡಿದೀಯ ನೀನು?!"

ಅವಳ ಕೂಗಿಗೆ ಅವನ ಕೈಯಲ್ಲಿದ್ದ ಪೆನ್ಸಿಲ್ ಕೆಳಗೆ ಬಿತ್ತು.

ಅವನ ಕೆಲಸದ ಮೇಜಿನ ಮೇಲೆ ಅವಳ ಅಜ್ಜಿಯ ವಾದ್ಯ ಎರಡು ಹೋಳಾಗಿ ಬಿದ್ದಿತ್ತು. ಒಣ ಸೋರೆಬುರುಡೆಯ ಒಳಮೈ ತುಂಬ ಗೆರೆ, ಅಂಕಿ. ಪಕ್ಕದಲ್ಲೇ ಸಣ್ಣ ಗರಗಸ, ಅಳತೆ ಬರೆದ ಪುಸ್ತಕ.

ಅಜ್ಜಿಯಿಂದ ಅವಳಿಗೆ ಉಳಿದದ್ದು ಆ ಒಂಟಿ ತಂತಿಯ ದನಿಯೊಂದೇ.

ಅವನು ಜನಪದ ವಾದ್ಯಗಳ ಸಂಶೋಧಕ. ಓದುತ್ತಾನೆ, ಬರೆಯುತ್ತಾನೆ, ಮಾಡುತ್ತಾನೆ ಕೂಡ. ಅವಳ ತಂಗಿ ಇಟ್ಟ ಹೆಸರು 'ವಾದ್ಯದ ಡಾಕ್ಟ್ರು'. ಒಂದು ವರ್ಷದಿಂದ ಮನೆಗೆ ಬಂದು ಅವಳು ನುಡಿಸುವುದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಬರುವ ತಿಂಗಳು ಅವಳ ಅಪ್ಪನ ಹತ್ತಿರ ತಮ್ಮಿಬ್ಬರ ಮದುವೆ ಮಾತಾಡುವುದಿತ್ತು.

"ತಂತಿ ಕೂರೋ ಕುದುರೆ ಸಡಿಲ ಆಗಿದೆ, ಅಂಟಿಸಿ ನಾಳೆ ಕೊಡ್ತೀನಿ ಅಂದಿದ್ದೆಯಲ್ಲ ನೀನು!"

"ಅಂಟಿಸಿದೆ... ಆಮೇಲೆ ಒಳಗೆ ಎಷ್ಟು ದಪ್ಪ ಇದೆ ನೋಡೋಣ ಅನ್ನಿಸ್ತು. ಇದೇ ದನಿ ಬರ್ಲಿ ಅಂತ ಈಗಾಗ್ಲೇ ಐದು ವಾದ್ಯ ಮಾಡಿದೀನಿ. ಒಂದ್ರಲ್ಲೂ ಬರ್ಲಿಲ್ಲ."

"ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅವಳ ಕೆನ್ನೆಗೆ ಬಾರಿಸಿದಂತಾಯಿತು.

"ನಾನು ನಾಳೆ ಬಂದಿದ್ರೆ ಹೇಳ್ತಿದ್ಯಾ?"

ಅವನು ಗರಗಸವನ್ನು ಪಕ್ಕಕ್ಕೆ ಸರಿಸಿದ.

"ಬಾಯಿ ಬಿಡು!"

"...ಇಲ್ಲ. ಕೂಡಿಸಿ, ಬಣ್ಣ ಹಚ್ಚಿ ಕೊಟ್ಬಿಡ್ತಿದ್ದೆ."

ಅಳು ಬರಬೇಕಿತ್ತು. ಬರಲಿಲ್ಲ. ಒಂದು ವರ್ಷ ಇವನು ಬಂದಿದ್ದು ನನಗೋಸ್ಕರವೋ, ಇದಕ್ಕೋಸ್ಕರವೋ...

ಹೋಳುಗಳನ್ನು ಬಾಚಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. ಎಲ್ಲಿಗೆ ಒಯ್ಯುವುದು? ಇದನ್ನು ಕೂಡಿಸಬಲ್ಲವನು ಊರಿಗೆಲ್ಲ ಇವನೊಬ್ಬನೇ. ಹಾಳಾದವನು!

"ನನ್ನೆದುರಿಗೇ ಅಂಟಿಸು."

ಗುಂಡಗಿನ ಬುರುಡೆಗೆ ಯಾವ ಇಕ್ಕಳವೂ ಕೂರುವುದಿಲ್ಲ. ಅಂಟು ಒಣಗುವವರೆಗೆ ಸುತ್ತಲೂ ಕೈಯಲ್ಲೇ ಒತ್ತಿ ಹಿಡಿಯಬೇಕು. ಅವನ ಎರಡು ಕೈ ಸಾಲಲಿಲ್ಲ.

"ಇಲ್ಲಿ ಒತ್ತು," ಎಂದ, ಮೆಲ್ಲಗೆ.

ಒತ್ತಿದಳು. ಬೆರಳಿಗೆ ಬೆರಳು ತಾಗಿತು. ತೆಗೆದರೆ ಬಿರುಕು ಬಿಡುತ್ತದೆ. ತೆಗೆಯಲಿಲ್ಲ.

"ನನ್ನ ಮುಖ ನೋಡ್ಬೇಡ."

"ನೋಡ್ತಿಲ್ಲ."

"ನೋಡ್ತಿದೀಯ!"

"...ಅಳತೆ ಬರೆದಿರೋ ಪುಸ್ತಕ ನೀನೇ ತಗೊಂಡು ಹೋಗು."

"ಆಗ್ಲೇ ಚೀಲಕ್ಕೆ ಹಾಕೊಂಡೆ."

ಸಂಜೆಯಾಯಿತು. ಅವನು ತಂತಿ ಬಿಗಿದ. ಅವಳು ಮೀಟಿದಳು. ಒಮ್ಮೆ. ಮತ್ತೊಮ್ಮೆ.

"ಹೇಗಿದೆ?" ಎಂದು ಕೇಳಿದಳು.

ಮೊದಲಿನ ಹಾಗೇ ಇದೆ ಅಂತ ಸುಳ್ಳು ಹೇಳಲಿ, ಎದ್ದು ಹೋಗ್ತೀನಿ. ಮತ್ತೆ ಈ ಮೆಟ್ಟಿಲು ಹತ್ತಲ್ಲ...

ಅವನು ಕಣ್ಣು ಮುಚ್ಚಿ ಕೇಳಿದ.

"ಹೋಯ್ತು," ಎಂದ. "ಮೊದಲಿನ ದನಿ ಇಲ್ಲ. ಮಂಕಾಗಿದೆ. ಹಾಳು ಮಾಡಿದ್ದು ನಾನು." ಕಣ್ಣು ತೆರೆದು ಅವಳತ್ತ ತಿರುಗಿದ. "ನಿನ್ನ ಬಿಟ್ಟಿರೋಕೆ ಆಗಲ್ಲ ನಂಗೆ. ಹೇಳೋ ಮುಖ ಇಲ್ಲ, ಆದ್ರೂ ಹೇಳ್ತಿದೀನಿ."

ಈಗ ಅವಳಿಗೆ ಅಳು ಬಂತು.

"ನಾಳೆ ಮನೆಗೆ ಬಾ," ಎಂದಳು.

"ಯಾಕೆ?"

"ಅಪ್ಪನಿಗೆ ಇದನ್ನ ನೀನೇ ಹೇಳ್ಬೇಕು. ಅವರಮ್ಮನ ವಾದ್ಯ ಇದು."

"ಓಡಿಸ್ತಾರೆ."

"ಓಡಿಸ್ಲಿ."

"ಆಮೇಲೆ... ಮದುವೆ ಮಾತು?"

ಅವಳು ಮೂಗೊರೆಸಿಕೊಂಡಳು.

"ಒಂದೂ ಮುಚ್ಚಿಡದೆ ಹೇಳು. ಎಷ್ಟು ಸಲ ಓಡಿಸಿದ್ರೂ ಬಾಗಿಲು ತೆಗೆಯೋಳು ನಾನೇ."