ಅಪರಿಚಿತರಿಗೆ ಶುಲ್ಕ

ಚಿತ್ರದುರ್ಗದ ಆ ವಿಳಾಸದಲ್ಲಿ ಕಂಪನಿ ಇರಲಿಲ್ಲ. ಬಾಗಿಲು ಮುಚ್ಚಿದ ಹಿಟ್ಟಿನ ಗಿರಣಿ ಇತ್ತು. ಸಂದರ್ಶನಕ್ಕೆಂದು ಬಂದಿದ್ದ ಸುಮಾ ಗಾಬರಿಯಿಂದ ಹಿರಿಯೂರಿನ ಕಾರ್ಖಾನೆಗೆ ಫೋನ್ ಮಾಡಿದಳು. ಸಂದರ್ಶನ ಅಲ್ಲೇ ನಡೆದು ಮುಗಿದಿತ್ತು. ಜಾಗ ಬದಲಾಗಿದೆಯೆಂದು ಅವಳಿಗೆ ಬಂದಿದ್ದ ಸಂದೇಶ ಅವರ್ಯಾರೂ ಕಳಿಸಿದ್ದಲ್ಲ.

ಸುಮಾಗೆ ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು. ಹಿರಿಯೂರಿನಲ್ಲಿ ಬಸ್ ಇಳಿದವಳು ನೆಟ್ಟಗೆ ಪೊಲೀಸ್ ಠಾಣೆಗೆ ನಡೆದಳು.

*

ಸಬ್ ಇನ್ಸ್‌ಪೆಕ್ಟರ್ ದಾಕ್ಷಾಯಣಮ್ಮ ಮಂಡಕ್ಕಿ ತಿನ್ನುತ್ತಿದ್ದರು. ತಟ್ಟೆಯನ್ನು ಅವಳತ್ತ ತಳ್ಳಿದರು.

"ಮೊದ್ಲು ತಿನ್ನಮ್ಮ. ಕೆಲ್ಸ ಯಾವ್ದು?"

"ಕೊಬ್ರಿ ಪುಡಿ ಕಾರ್ಖಾನೇಲಿ ಗುಣಮಟ್ಟ ನೋಡೋದು. ನಾ ಓದಿದ್ದೇ ಅದು ಮೇಡಂ. ನಮ್ಮೂರು ಹರಿಯಬ್ಬೆಯಿಂದ ದಿನಾ ಓಡಾಡಬೋದು. ಓನರ್ ಶಿವಕುಮಾರಪ್ಪನೋರೇ ಉದ್ಯೋಗದ ಸೈಟಲ್ಲಿ ನನ್ನ ಪ್ರೊಫೈಲ್ ನೋಡಿ ಕರೆದಿದ್ರು. ನಾಳೆ ಬೆಳಗ್ಗೆ ನಿರಂಜನ್ ಅನ್ನೋರಿಗೆ ಆರ್ಡರ್ ಕೊಡ್ತಾರಂತೆ."

ಲಾಭ ನಿರಂಜನನಿಗೆ. ಅನುಮಾನ ಇನ್ಯಾರ ಮೇಲೆ ಹೋದೀತು? ಕರೆಸಿದರು. ಪಾಪ, ಓಡೋಡಿ ಬಂದ.

"ಇನ್ನೊಬ್ರು ಇದ್ರು ಅನ್ನೋದೇ ಗೊತ್ತಿಲ್ಲ ಮೇಡಂ. ಗುರುರಾಜಣ್ಣ ಹೋಗು ಅಂದ್ರು, ಹೋದೆ."

ಗುರುರಾಜ್ ಬಸ್ ನಿಲ್ದಾಣದ ಬಳಿ ಉದ್ಯೋಗ ಮಾಹಿತಿ ಕೇಂದ್ರ ನಡೆಸುವವನು. ಕರೆಯದಿದ್ದರೂ ಹಿಂದೆಯೇ ಬಂದ. ಸುಮಾಳ ಬಗ್ಗೆ ಬಹಳ ಮರುಗಿದ.

"ಬೆಂಗ್ಳೂರಿನ ಮೋಸಗಾರ್ರ ಕೆಲ್ಸ ಬಿಡ್ರಿ ಮೇಡಂ. ಗುರುತಿಲ್ಲದೋರನ್ನ ಎಲ್ಲಿ ಹುಡುಕ್ತೀರಾ?"

*

ದಾಕ್ಷಾಯಣಮ್ಮ ಸುಮಾಳ ಫೋನ್ ನೋಡಿದರು. ಕಳಿಸಿದವಳ ಹೆಸರು ಪಲ್ಲವಿ, ನೇಮಕಾತಿ ಅಧಿಕಾರಿ. ನಗುಮುಖದ ಫೋಟೋ. ಶಿವಕುಮಾರಪ್ಪನವರ ಸಂದೇಶದ ಮೇಲೆ ಒಂದು ಗುರುತಿತ್ತು, ಪಲ್ಲವಿಯದರ ಮೇಲೆ ಇರಲಿಲ್ಲ. ಅವರು ಶಿವಕುಮಾರಪ್ಪನವರಿಗೇ ಫೋನ್ ಮಾಡಿದರು.

"ಅದು ದುಡ್ಡು ಕಟ್ಟಿ ಕಳಿಸಿದ್ದು ಅಂತ ಗುರುತು ಮೇಡಂ. ಸೈಟಿನೋರಿಗೆ ಅದೇ ವರಮಾನ. ಗುರುತಿಲ್ಲದೋರಿಗೆ ಬರೀಬೇಕಂದ್ರೆ ಶುಲ್ಕ ಐತೆ. ಅವ್ರ ಬಳಗದಲ್ಲಿದ್ರೆ ಮಾತ್ರ ಪುಕ್ಕಟೆ."

ದಾಕ್ಷಾಯಣಮ್ಮ ಫೋನಿಟ್ಟು ಕೇಳಿದರು: "ಈ ಪಲ್ಲವಿನ ನೀನು ಬಳಗಕ್ಕೆ ಸೇರಿಸ್ಕಂಡಿದ್ಯಾ?"

"ಇಲ್ಲ ಮೇಡಂ. ನಿನ್ನೆವರ್ಗೂ ಹೆಸ್ರೇ ಕೇಳಿಲ್ಲ."

"ಆದ್ರೂ ಪುಕ್ಕಟೆ ಬರ್ದವ್ಳೆ. ಅಂದ್ರೆ ಬಳಗದಲ್ಲಿರೋ ಯಾರೋ ಹೆಸ್ರು, ಫೋಟೋ ಬದಲಾಯಿಸ್ಕಂಡವ್ರೆ."

ಸಂದೇಶವನ್ನು ಮೇಲಕ್ಕೆ ಸರಿಸಿದರು. ಅಲ್ಲಿ ಅದೇ ಖಾತೆಯ ಹಳೆಯ ಮಾತುಕತೆ ಇತ್ತು. ಗಟ್ಟಿಯಾಗಿ ಓದಿದರು.

"'ಚಂದ್ರ ಕಾಣಿಸ್ದ ಗುರುರಾಜಣ್ಣ. ನಮಸ್ಕಾರ, ಆಶೀರ್ವಾದ ಮಾಡ್ರಿ.' 'ಒಳ್ಳೇ ಕೆಲ್ಸ ಸಿಗ್ಲವ್ವ.'"

ಯುಗಾದಿಯ ಚಂದ್ರ ಕಂಡೊಡನೆ ಹಿರಿಯರಿಗೆ ನಮಸ್ಕರಿಸಬೇಕು. ದೂರ ಇದ್ದರೆ ಫೋನಿನಲ್ಲಾದರೂ. ನಮ್ಮ ಹುಡುಗಿ ಉದ್ಯೋಗದ ಸೈಟನ್ನೂ ಬಿಟ್ಟಿರಲಿಲ್ಲ. ಜಗತ್ತಿನಲ್ಲಿ ಇನ್ಯಾರು ಅಲ್ಲಿ ಹೀಗೆ ಬರೆದಾರು!

ದಾಕ್ಷಾಯಣಮ್ಮ ಗುರುರಾಜನತ್ತ ತಿರುಗಿದರು.

"ಏನಪ್ಪ, ಆಶೀರ್ವಾದ ಮಾಡಿದ್ದೂ ನೀನೇ, ಕಲ್ಲು ಹಾಕಿದ್ದೂ ನೀನೇನಾ?"

"ಇವಳನ್ನೂ ಕರೆದವ್ರೆ ಅಂತ ಕಾರ್ಖಾನೇಲಿ ಕೇಳ್ದೆ. ನಾ ಕಳಿಸ್ದೋರು ಸೇರಿದ್ರೆ ನಂಗೆ ಕಮಿಷನ್ ಮೇಡಂ. ಎಲ್ರೂ ಸೈಟಲ್ಲೇ ಹುಡುಕ್ಕಂಡ್ರೆ ನನ್ನ ಗತಿ?"

"ಹೊಸ ಖಾತೆ ಆದ್ರೆ ಅವಳು ಒಪ್ಪೋವರ್ಗೂ ಕಾಯ್ಬೇಕು, ಇಲ್ಲ ಶುಲ್ಕ ಕಟ್ಟಬೇಕು. ಎರಡೂ ಬ್ಯಾಡಾಗಿ ಹಳೇ ಖಾತೆಗೇ ಹೊಸ ಹೆಸ್ರು ಹಚ್ಚಿದೆ. ನೀನೂ ಮೇಲಕ್ಕೆ ನೋಡ್ಲಿಲ್ಲ, ಅವಳೂ ನೋಡ್ಲಿಲ್ಲ. ಕುಂತ್ಕೋ, ಹೇಳಿಕೆ ಕೊಡು."

*

ಮರುದಿನ ಬೆಳಗ್ಗೆ ಶಿವಕುಮಾರಪ್ಪ ಆರ್ಡರ್ ತಡೆಹಿಡಿದು ಇಬ್ಬರನ್ನೂ ಕರೆದರು. ಮುಂದೆ ಎರಡು ಬಟ್ಟಲು ಕೊಬ್ಬರಿ ಪುಡಿ. ನಿರಂಜನ್ ಎರಡೂ ಚೆನ್ನಾಗಿವೆ ಎಂದ. ಸುಮಾ ಮೂಸಿ ನೋಡಿ ಒಂದನ್ನು ಪಕ್ಕಕ್ಕಿಟ್ಟಳು.

"ಇದು ಸರಿಯಾಗಿ ಒಣಗಿಲ್ಲ ಸಾರ್. ಕಳಿಸಿದ್ರೆ ವಾಪಸ್ ಬರುತ್ತೆ."

"ಯಾವಾಗ ಸೇರ್ಕಂತೀರಮ್ಮ?"

"ಈಗ್ಲೇ."

ಗೇಟಿನ ಹೊರಗೆ ಅವಳ ತಾಯಿ ಬರಗೇರಮ್ಮ ಕಾಯುತ್ತಿದ್ದಳು. ಒಳಗಿನಿಂದ ಬಿಳಿ ಕೋಟು, ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್ ತೊಟ್ಟ ಅಧಿಕಾರಿಯೊಬ್ಬಳು ಬಂದಳು. ಬರಗೇರಮ್ಮ ದಡಬಡಿಸಿ ಎದ್ದು ಕೈಮುಗಿದಳು.

"ಮೇಡಮ್ಮೋರೆ, ಒಳಗೆ ನನ್ ಮಗಳು ಅವಳೆ. ಕೆಲ್ಸ ಏನಾತು ಅಂತ ವಸಿ ಕೇಳಿ ಹೇಳ್ತೀರಾ?"

ಸುಮಾ ಮಾಸ್ಕ್ ತೆಗೆದಳು.

"ನಾನೇ ಕಣವ್ವ."